ಎರಡು ಬಾಗಿಲಿಗೆ ಹೊಂದಿಸಿದ ಕಾರು

ಶಿಳಫಾಟಾದ ತಿರುವಿನಲ್ಲಿ ನೀರಿನ ಟ್ಯಾಂಕರೊಂದು ನನ್ನ ಕಾರಿನ ಎಡಮಗ್ಗುಲನ್ನು ಸವರಿಕೊಂಡು ಹೋಯಿತು. ಅಲ್ಲಿ ತಪ್ಪು ಯಾರದೆಂದು ತೀರ್ಮಾನಿಸುವಷ್ಟು ಹೊತ್ತು ಯಾರನ್ನೂ ನಿಲ್ಲಲು ಬಿಡುವುದಿಲ್ಲ. ಹಿಂದಿನ ಗಾಡಿಗಳವರು ಹಾರ್ನ್ ಒತ್ತಿ ಒತ್ತಿ ಎರಡೂ ಕಡೆಯವರನ್ನು ಕ್ಷಮಿಸಿ ಕಳಿಸಿಬಿಡುತ್ತಾರೆ. ಟ್ಯಾಂಕರಿನವನು ನವಿ ಮುಂಬಯಿಯ ಕಡೆ ಹೋದ, ನಾನು ಡೊಂಬಿವಲಿಗೆ ಬಂದೆ. ಇಳಿದು ನೋಡಿದರೆ ಎಡಗಡೆಯ ಎರಡೂ ಬಾಗಿಲುಗಳ ಮೇಲೆ ಉದ್ದಕ್ಕೆ ಬಣ್ಣ ಕಿತ್ತುಹೋಗಿ ತಗಡು ಕಾಣುತ್ತಿತ್ತು. ಅಷ್ಟು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಕಾರಿನ ಉಳಿದ ಭಾಗಕ್ಕೆ ಆದದ್ದೆಲ್ಲ ಆಮೇಲೆ, ನನ್ನ ಕೈಯಿಂದಲೇ.

ನಾನು ಐರೋಳಿಯ ಒಂದು ಕಂಪನಿಯ ಖರೀದಿ ವಿಭಾಗದಲ್ಲಿ ಕೆಲಸ ಮಾಡುವವನು. ಮೂರು ಕೊಟೇಶನ್ ತರಿಸದೆ ಒಂದು ಡಜನ್ ಪೆನ್ನನ್ನೂ ಕೊಂಡವನಲ್ಲ. ಕಾರಿಗೂ ಮೂರು ಕೊಟೇಶನ್ ತರಿಸಿದೆ. ಅವುಗಳಲ್ಲಿ ಕಾರಿನ ಕಂಪನಿಯದೇ ವರ್ಕ್‌ಶಾಪು ಸರಿಯೆಂದು ಕಂಡಿತು. ಇನ್ಶೂರೆನ್ಸ್ ಇತ್ತು, ನನ್ನ ಜೇಬಿನಿಂದ ಹೋಗುವುದು ತೀರ ಕಡಿಮೆ. ಈ ಮಾತನ್ನು ಊಟಕ್ಕೆ ಕೂತಾಗ ಹೇಳಿದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಅವರು ಏನ್ ಮಾಡ್ತಾರ ಗೊತ್ತೇನು ತಮ್ಮಾ? ಪುಸ್ತಕ ನೋಡಿ ನಂಬರ್ ಹಾಕಿ ಬಣ್ಣಾ ಕಲಸ್ತಾರ. ಆ ನಂಬರ್ ಹೊಸಾ ಗಾಡೀದು. ನಿನ್ನ ಗಾಡಿ ಎಷ್ಟ ವರ್ಸ ಬಿಸಲಾಗ ನಿಂತೈತಿ? ಡೊಂಬಿವಲಿ ಗಾಳಿ ಕುಡದ ಬಿಳಿಗೆ ಯಾವ ಪುಸ್ತಕದಾಗೂ ನಂಬರ್ ಇಲ್ಲ. ಅದನ್ನ ಕಣ್ಣಿಂದನ ಹೊಂದಸಬೇಕು."

ಯಾರ ಕಣ್ಣು ಎಂದು ನಾವು ಕೇಳಲಿಲ್ಲ. ನಮ್ಮ ಮನೆಯಲ್ಲಿ ಕಣ್ಣು ಎಂದರೆ ಅಪ್ಪನದು. ಉಳಿದವರಿಗೆಲ್ಲ ಇದ್ದದ್ದು ಕನ್ನಡಕ.

ಅಪ್ಪ ವಿಜಯಪುರದ ಕಡೆಯಿಂದ ಡೊಂಬಿವಲಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಬಣ್ಣದ ಫ್ಯಾಕ್ಟರಿಗೆ ಬಂದದ್ದು ಡ್ರಮ್ ಹೊರುವುದಕ್ಕೆ. ಹೊರುತ್ತ ಹೊರುತ್ತ ಒಂದು ದಿನ, ಈ ಡ್ರಮ್ಮಿನದೂ ಆ ಡ್ರಮ್ಮಿನದೂ ಒಂದೇ ಬಣ್ಣವಲ್ಲ ಎಂದು ಯಾರೂ ಕೇಳದೆ ಹೇಳಿದ. ತೆಗೆದು ನೋಡಿದಾಗ ಅದು ನಿಜವಾಗಿತ್ತು. ಅಲ್ಲಿಂದ ಅವನನ್ನು ಶೇಡ್ ರೂಮಿನಲ್ಲಿ ಕೂರಿಸಿದರು, ರಿಟೈರ್ ಆಗುವ ತನಕ ಅವನು ಅಲ್ಲೇ ಕೂತ. ಗಿರಾಕಿ ಕೊಟ್ಟ ತುಂಡು ಒಂದು ಕೈಯಲ್ಲಿ, ಫ್ಯಾಕ್ಟರಿಯ ಬಣ್ಣ ಸವರಿದ ತುಂಡು ಇನ್ನೊಂದು ಕೈಯಲ್ಲಿ ಹಿಡಿದು, ಕೆಂಪು ಸಾಲದು, ಕಪ್ಪು ಹೆಚ್ಚಾಯಿತು, ಈಗ ಬಂತು ಎನ್ನುವುದೇ ಅವನ ಕೆಲಸ. ತನ್ನ ಅಂಗಿಯ ಬಣ್ಣ ತುಂಡಿನ ಮೇಲೆ ಬೀಳಬಾರದೆಂದು ಅವನು ಬಿಳಿ ಅಂಗಿಯನ್ನಷ್ಟೇ ಹಾಕುತ್ತಿದ್ದ. ರಿಟೈರ್ ಆದ ಮೇಲೂ ಅಂಗಿ ಬದಲಾಗಲಿಲ್ಲ.

ಈ ಕಣ್ಣಿನ ಕೆಳಗೆ ಬೆಳೆಯುವುದು ಸುಖದ ಮಾತಲ್ಲ. ನನ್ನ ಶಾಲೆಯ ಯೂನಿಫಾರ್ಮಿನ ಅಂಗಿಯೂ ಚಡ್ಡಿಯೂ ಬೇರೆ ಬೇರೆ ನೀಲಿ ಎಂದು ಅವ್ವನನ್ನು ಕಲ್ಯಾಣದ ಅಂಗಡಿಗೆ ಮತ್ತೆ ಮತ್ತೆ ಓಡಿಸಿದ. ಕೊನೆಗೆ ಅಂಗಡಿಯವನೇ ಕೈಮುಗಿದ. ಅಂಬರನಾಥಕ್ಕೆ ನನಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಇವನು, ಸೀರೆ ಒಂದು ಲಾಟಿನ ಬಣ್ಣ, ಕುಪ್ಪಸ ಇನ್ನೊಂದು ಲಾಟಿನದು ಎಂದು ಹೇಳಿ ಉಪ್ಪಿಟ್ಟು ತಿಂದ. ನನ್ನ ಹೆಂಡತಿ ಅದನ್ನು ಇಂದಿಗೂ ಮರೆತಿಲ್ಲ. ಹಾಗೆಂದು ನಗುವ ಹಾಗೂ ಇರಲಿಲ್ಲ. ಕೆಳಗಿನ ಮನೆಯವರ ಮುಖ ನೋಡಿಯೇ ಕಾಮಾಲೆ ಎಂದು ಡಾಕ್ಟರಿಗಿಂತ ಮೊದಲು ಹೇಳಿದವನು ಅವನೇ. ಅಪ್ಪನಿಗೆ ಊರಲ್ಲಿ ಹೊಲವಿಲ್ಲ. ಕೈಯಲ್ಲಿ ಸರ್ಟಿಫಿಕೇಟಿಲ್ಲ. ಅವ್ವ ಹೋದ ಮೇಲೆ ಮಾತಿಗೂ ಜನ ಕಡಿಮೆ. ಅವನಲ್ಲಿ ಇದ್ದದ್ದು ಆ ಕಣ್ಣೊಂದೇ, ಅದನ್ನು ಅವನೂ ಬಲ್ಲ, ನಾವೂ ಬಲ್ಲೆವು.

ಹಾಗಾಗಿ ಕಾರು ಕಳವಾಕ್ಕೆ ಹೋಯಿತು. ಅಲ್ಲಿ ಲೋಕಲ್ ರೈಲುಗಳು ತಂಗುವ ರೈಲ್ವೆ ಕಾರ್‌ಶೆಡ್ಡಿನ ಗೋಡೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಲಬುರಗಿ ಕಡೆಯ ಒಬ್ಬ ಪೇಂಟರ್ ಇದ್ದ. ಕಟ್ಟಡದ ಕೆಲಸಕ್ಕೆಂದು ಬಂದು ಗಾಡಿಗಳ ಬಣ್ಣ ಕಲಿತವನು. ಅವನ ಕೆಲಸ ಚೆನ್ನಾಗಿದೆ ಎಂದು ನಮ್ಮ ಕಡೆಯ ನಾಲ್ಕು ಜನ ಹೇಳಿದ್ದರು. ಅಪ್ಪನಿಗೆ ಅವನು ಹಿಡಿಸಿದ್ದು ಬೇರೆ ಕಾರಣಕ್ಕೆ. ಅವನ ಶೆಡ್ಡಿನಲ್ಲಿ ಟ್ಯೂಬ್‌ಲೈಟ್ ಇರಲಿಲ್ಲ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಣ್ಣ ನೋಡುವವನನ್ನು ಅಪ್ಪ ಮನುಷ್ಯನೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಪೇಂಟರ್ ಕರೆಂಟಿನ ಬಿಲ್ಲು ಉಳಿಸಲು ಹಾಗೆ ಮಾಡಿದ್ದ, ಆದರೆ ಅಪ್ಪನಿಗೆ ಅದರಲ್ಲಿ ತತ್ವ ಕಂಡಿತು.

ಬೆಳಗಿನ ಬೆಳಕಿನಲ್ಲಷ್ಟೇ ಶೇಡ್ ನೋಡುವುದು ಅಪ್ಪನ ಪದ್ಧತಿ. ಹೀಗಾಗಿ ನಾನು ಆಫೀಸಿಗೆ ಹೋಗುವ ದಾರಿಯಲ್ಲಿ ಅವನನ್ನು ರಿಕ್ಷಾದಲ್ಲಿ ಆ ಶೆಡ್ಡಿಗೆ ಬಿಟ್ಟು ಹೋಗುತ್ತಿದ್ದೆ. ಅವನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರುತ್ತಿದ್ದ. ಪೇಂಟರ್ ಬಣ್ಣ ಕಲಸಿ ತಗಡಿನ ಚೂರಿನ ಮೇಲೆ ಸವರಿ ತರುತ್ತಿದ್ದ. ಅಪ್ಪ ಅದನ್ನು ಕಾರಿನ ಮೈಗೆ ಹಚ್ಚಿ ಹಿಡಿದು ಒಂದು ಗಳಿಗೆ ನೋಡಿ, ಮುಖ ತಿರುಗಿಸಿ ಕಾರ್‌ಶೆಡ್ಡಿನ ಬೂದು ಗೋಡೆಯನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಟ್ಟು, ಮತ್ತೆ ನೋಡುತ್ತಿದ್ದ. ಅವನು ಅಷ್ಟು ಖುಷಿಯಾಗಿದ್ದುದನ್ನು ಅವ್ವ ಹೋದ ಮೇಲೆ ನಾನು ನೋಡಿರಲಿಲ್ಲ. ಬೆಳಿಗ್ಗೆ ನನಗಿಂತ ಮೊದಲು ತಯಾರಾಗಿ ಬಾಗಿಲಲ್ಲಿ ನಿಂತಿರುತ್ತಿದ್ದ, ಡ್ಯೂಟಿಗೆ ಹೊರಟವನ ಹಾಗೆ.

ಪೇಂಟರನ ಫೋನು ಬಂದಾಗ ನಾನು ರಟ್ಟಿನ ಪೆಟ್ಟಿಗೆ ಸರಬರಾಜು ಮಾಡುವವನೊಡನೆ ಚೌಕಾಶಿಯಲ್ಲಿದ್ದೆ.

"ಸರ್, ಕಾಕಾ ಇನ್ನಾ ನೀಲಿ ಬಿಡು ಅನ್ಲತ್ತಾರ. ಮೊದಲು ಕೂದಲೆಳಿ ಹಳದಿ ಇತ್ತು, ಖರೇ. ಒಂದು ಹನಿ ಬಿಟ್ಟೆ, ಹೊಂದ್ತು. ಅದರ ಮ್ಯಾಲ ಮತ್ತ ಬಿಡಸ್ಲತ್ತಾರ."

"ಅಪ್ಪ ಹೆಂಗ ಹೇಳ್ತಾನ ಹಂಗ ಮಾಡು" ಎಂದೆ.

ಮತ್ತೆ ಫೋನು ಬಂತು. ಮತ್ತೆ ಅದೇ ಮಾತು. ಕೊನೆಗೆ ಅವನು, "ನೀವೊಂದ್ಸಲ ಬಂದು ನೋಡಿ ಹೋಗ್ರಿ ಸರ್" ಎಂದ. "ಅವನು ನೋಡಿದ ಮ್ಯಾಲ ನಾ ಏನ್ ನೋಡ್ಲಿ?" ಎಂದು ಜಂಬದಿಂದಲೇ ಹೇಳಿ ಫೋನಿಟ್ಟೆ. ರಟ್ಟಿನ ಪೆಟ್ಟಿಗೆಯವನ ಒಂದು ಮಾತನ್ನೂ ನಂಬದೆ ಮೂರು ಕಡೆ ವಿಚಾರಿಸುವ ಮನುಷ್ಯ ನಾನು. ನನ್ನ ಅಪ್ಪನ ಕಣ್ಣಿನ ವಿಷಯದಲ್ಲಿ ಎರಡನೆಯ ಕೊಟೇಶನ್ ಕೇಳಬೇಕೆಂದು ನನಗೆ ತೋಚಲೇ ಇಲ್ಲ.

ಕಾರು ತರಲು ಹೋದಾಗ ಸಂಜೆಯಾಗಿತ್ತು. ಬಾಗಿಲು ನುಣ್ಣಗೆ ಹೊಳೆಯುತ್ತಿದ್ದವು. ಪೇಂಟರ್ ಕೀಲಿಕೈ ಕೊಟ್ಟು ಒಳಗೆ ಹೋದ. ಮರುದಿನ ಬೆಳಿಗ್ಗೆ ಕೆಳಗೆ ಹೋಗಿ ಬಿಸಿಲಿನಲ್ಲಿ ನೋಡಿದೆ. ಅವ್ವ ಅಪ್ಪನ ಅಂಗಿಗಳಿಗೆ ನೀಲಿ ಹಾಕುವಾಗ ಪಕ್ಕದವರೊಡನೆ ಮಾತಿಗೆ ನಿಂತರೆ ಒಮ್ಮೊಮ್ಮೆ ಕೈ ಜೋರಾಗುತ್ತಿತ್ತು. ಆ ಅಂಗಿಗಳ ಬಣ್ಣ ನನ್ನ ಕಾರಿನ ಎರಡು ಬಾಗಿಲುಗಳಿಗೆ ಬಂದಿತ್ತು. ಮುಂದಿನ ಮಡ್‌ಗಾರ್ಡು ಬಿಳಿ, ಆಮೇಲೆ ನೀಲಿ, ನೀಲಿ, ಹಿಂದೆ ಮತ್ತೆ ಬಿಳಿ. ಇದನ್ನು ಕಾಣಲು ಶೇಡ್ ರೂಮಿನಲ್ಲಿ ಕೂರಬೇಕಾಗಿರಲಿಲ್ಲ. ಎಂಟನೇ ಮಹಡಿಯಿಂದಲೂ ಕಾಣುತ್ತಿತ್ತು.

ಅಪ್ಪ ನನ್ನ ಹಿಂದೆಯೇ ಇಳಿದು ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ ನನ್ನ ಪಕ್ಕ ನಿಂತ.

"ಹೇಳು ನೋಡೂಣು, ಯಾವ ಬಾಗಲಾ ಹೊಸಾವು?"

ಅವನು ತಮಾಷೆ ಮಾಡುತ್ತಿಲ್ಲ, ಅವನಿಗೆ ನಿಜವಾಗಿಯೂ ಕಾಣುತ್ತಿಲ್ಲ ಎಂದು ತಿಳಿಯುವುದಕ್ಕೆ ನನಗೆ ಒಂದು ಕ್ಷಣ ಬೇಕಾಯಿತು. ಕಾರಿನ ಚಿಂತೆ ಅಲ್ಲಿಗೇ ಹೋಯಿತು. ಈ ಮನುಷ್ಯನಿಗೆ ಇದು ಗೊತ್ತಾದರೆ ಇವನ ಹತ್ತಿರ ಏನು ಉಳಿಯುತ್ತದೆ ಎಂಬ ಹೆದರಿಕೆಯೊಂದೇ ಉಳಿಯಿತು.

"ಗೊತ್ತಾಗವಲ್ದು ಅಪ್ಪಾ" ಎಂದೆ.

ಅವನು ನಕ್ಕು ನನ್ನ ಬೆನ್ನು ತಟ್ಟಿದ.

ಮೇಲೆ ಬಂದು ಅಡಿಗೆಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಕಿಟಕಿಯಿಂದ ಬಗ್ಗಿ ನೋಡಿ, "ಮಾವಾರ ಕಣ್ಣ ಕೆಟ್ಟಾವ್ರಿ. ಡಾಕ್ಟರ್ ಕಡೆ ಕರಕೊಂಡು ನಡೀರಿ" ಎಂದಳು. ಹೇಗೆ ಹೇಳಿ ಕರೆದುಕೊಂಡು ಹೋಗಲಿ ಎಂದು ನಾನು ಕೇಳಿದೆ. "ಬಾಯಿಲೆ" ಎಂದಳು. ನಾನು ಕೈಮುಗಿದು ಸುಮ್ಮನಾಗಿಸಿದೆ. ಕಾಲೇಜಿಗೆ ಹೋಗುವ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಅವಳ ಉತ್ತರ ಯಾವಾಗಲೂ ಬೇರೆ ಭಾಷೆಯಲ್ಲಿ. ಅಂದು ಊಟದ ಹೊತ್ತಿಗೆ ಅವಳು, "ಪಪ್ಪಾ, ಯೇ ದೋ ದರ್ವಾಜೆ ಬ್ಲೂ ಕ್ಯೂಂ ಹೈಂ?" ಎಂದು, ಈ ಎರಡು ಬಾಗಿಲು ಯಾಕೆ ನೀಲಿ ಎಂದು ಕೇಳಿದಳು. ಫ್ಯಾಕ್ಟರಿಯಲ್ಲಿ ಆಯುಷ್ಯ ಕಳೆದ ಅಪ್ಪನಿಗೆ ಹಿಂದಿ ನಮಗಿಂತ ಚೆನ್ನಾಗಿ ಬರುತ್ತದೆ. ಪುಣ್ಯಕ್ಕೆ ಅವನು ಕೈತೊಳೆಯಲು ಹೋಗಿದ್ದ, ನಲ್ಲಿ ಜೋರಾಗಿತ್ತು. ಅವಳನ್ನು ಬಾಲ್ಕನಿಗೆ ಕರೆದೊಯ್ದು ವಿಷಯ ಹೇಳಿದೆ. ಹಾಗಾದರೆ ಅಜ್ಜನಿಗೆ ಸುಳ್ಳು ಹೇಳಬೇಕೇ ಎಂದು ಮರಾಠಿಯಲ್ಲಿ ಕೇಳಿದಳು. ಸುಳ್ಳು ಹೇಳುವುದು ಬೇಡ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದೆ. ಎರಡರ ನಡುವಿನ ವ್ಯತ್ಯಾಸವನ್ನು ವಿವರಿಸುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು.

ಮನೆಯವರ ಬಾಯಿ ಮುಚ್ಚಿಸಬಹುದು, ನಮ್ಮ ಬಿಲ್ಡಿಂಗಿನ ಸೊಸೈಟಿಯ ಬಾಯಿ ಹಾಗಲ್ಲ. ಅಪ್ಪ ಈಗ ದಿನಾ ಬೆಳಿಗ್ಗೆ ಕೆಳಗಿಳಿದು ಕಾರಿನ ಬಳಿ ನಿಲ್ಲತೊಡಗಿದ. ವಾಕಿಂಗ್ ಮುಗಿಸಿ ಬರುವ ಹಿರಿಯರನ್ನು ಕರೆದು, ಇದರಲ್ಲಿ ಯಾವ ಬಾಗಿಲಿಗೆ ಹೊಸ ಬಣ್ಣ ಹೇಳಿ ಎಂದು ಪರೀಕ್ಷೆ ಇಡುತ್ತಿದ್ದ. ನಾನು ಅವನಿಗಿಂತ ಮೊದಲು ಹೋಗಿ ಒಬ್ಬೊಬ್ಬರನ್ನೇ ಹಿಡಿದು ಬೇಡಿಕೊಂಡೆ. ಮೇಲಿನ ಮನೆಯ ರಿಟೈರ್ಡ್ ಮಾಸ್ತರರು ಕಾರನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ, "ಕಾಹೀ ಕಳತ ನಾಹೀ" ಎಂದು ತಲೆಯಾಡಿಸಿದರು. ಏನೂ ತಿಳಿಯುತ್ತಿಲ್ಲವಂತೆ. ಆಯುಷ್ಯವೆಲ್ಲ ಮಕ್ಕಳಿಗೆ ನಿಜ ಹೇಳಿ ಎಂದು ಹೊಡೆದವರು ಅವರು. ಅಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲರೆಂದು ನನಗೆ ಗೊತ್ತಿರಲಿಲ್ಲ. ವಾಚ್‌ಮನ್ ಮಾತ್ರ ಹೊಸಬ. ಬಾಗಿಲು ಬೇರೆ ಕಾರಿನದು ತಂದು ಹಾಕಿಸಿದಿರಾ ಎಂದು ಅಪ್ಪನ ಎದುರೇ ಕೇಳಿಬಿಟ್ಟ. "ನೋಡು, ಹೊಸಾ ಬಾಗಲಾ ಅಂತ ತಿಳದಾನ ಅಂವ. ಅಷ್ಟ ಛಲೋ ಆಗೇತಿ" ಎಂದು ಅಪ್ಪ ಮೇಲೆ ಬಂದು ನಮಗೆ ಹೇಳಿದ. ನಾವೆಲ್ಲ ನಕ್ಕೆವು. ಹೆಂಡತಿ ನಗಲಿಲ್ಲ.

ಹೀಗೆ ಎಷ್ಟು ದಿನ ನಡೆದೀತು? ಸೊಸೈಟಿಗೆ ಅತಿಥಿಗಳು ಬರುತ್ತಾರೆ, ಕೊರಿಯರಿನವರು ಬರುತ್ತಾರೆ, ಹಾಲಿನವನು ಬರುತ್ತಾನೆ. ಎಲ್ಲರನ್ನೂ ಗೇಟಿನಲ್ಲಿ ತಡೆದು ಪಾಠ ಹೇಳಿಕೊಡಲು ಆಗುವುದಿಲ್ಲ. ಬಾಗಿಲುಗಳಿಗೆ ಮತ್ತೆ ಸರಿಯಾದ ಬಿಳಿ ಹೊಡೆಸೋಣವೆಂದರೆ, ಆ ನುಣುಪು, ಆ ಅಂಚು ಬೆರಳಲ್ಲೇ ಅವನಿಗೆ ಗೊತ್ತು, ದಿನಾ ಸವರಿ ನೋಡುತ್ತಾನೆ. ತನ್ನ ಬಾಗಿಲನ್ನು ಮುಟ್ಟಿದ್ದಾರೆಂದು ಕೂಡಲೇ ಹಿಡಿಯುತ್ತಾನೆ. ಹಾಗಾದರೆ ಬಾಗಿಲನ್ನು ಮುಟ್ಟಬಾರದು. ಆಗ ಉಳಿಯುವುದು ಒಂದೇ ದಾರಿ. ಈ ದಾರಿ ಹೊಳೆದಾಗ ನಾನು ಐರೋಳಿಯ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಬಹಳ ಜಾಣತನದ್ದೆಂದು ಕಂಡು ನನಗೆ ಸಮಾಧಾನವೇ ಆಯಿತು.

ಪೇಂಟರ್ ನಾನು ಹೇಳಿದ್ದನ್ನು ಪೂರ್ತಿ ಕೇಳಿದ. ಆಮೇಲೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ನೋಡಲು ಅದನ್ನೇ ತಿರುಗಿಸಿ ಹೇಳಿದ.

"ಅಂದ್ರ ಸರ್, ಛಲೋ ಇರೋ ಬಣ್ಣ ಎಲ್ಲಾ ತಿಕ್ಕಿ ತೆಗದು, ತಪ್ಪಾದ ಬಣ್ಣಕ್ಕ ಹೊಂದಸಿ ಹೊಡೀಬೇಕು."

"ಹೌದು."

"ಇಡೀ ಗಾಡಿ."

"ಇಡೀ ಗಾಡಿ. ಎರಡು ಬಾಗಲಾ ಬಿಟ್ಟು."

ಅವನು ಒಂದು ಬೀಡಿ ಹಚ್ಚಿದ. "ಕಾಕಾಗ ಹೇಳೂದು ಸಸ್ತಾ ಆಗ್ತದ ನೋಡ್ರಿ" ಎಂದ. ನಾನು ರೇಟು ಕೇಳಿದೆ.

ಇಲ್ಲಿ ಒಂದಿಷ್ಟು ವ್ಯವಹಾರದ ಮಾತು. ಕಾರಿಗೆ ಬಣ್ಣ ಹೊಡೆಯುವುದು ಬಣ್ಣದ ಕೆಲಸವಲ್ಲ, ತಿಕ್ಕುವ ಕೆಲಸ. ಬಂಪರು, ದೀಪ, ಹಿಡಿಕೆ, ಕನ್ನಡಿ, ಕಿಟಕಿಯ ರಬ್ಬರು ಎಲ್ಲ ಬಿಚ್ಚಬೇಕು. ನೀರು ಹಾಕಿ ಹಾಕಿ ಉಪ್ಪುಕಾಗದದಿಂದ ಉಜ್ಜಬೇಕು, ಪುಟ್ಟಿ ತುಂಬಿ ಮತ್ತೆ ಉಜ್ಜಬೇಕು, ಪ್ರೈಮರ್ ಹೊಡೆದು ಮತ್ತೆ ಉಜ್ಜಬೇಕು. ಬಣ್ಣ ಬರುವುದು ಕೊನೆಗೆ, ಮದುವೆಯಲ್ಲಿ ಗಂಡಿನ ಚಿಕ್ಕಪ್ಪ ಬಂದ ಹಾಗೆ. ಅಗ್ಗಕ್ಕೆ ಮಾಡುವವರು ರಬ್ಬರಿಗೆ ಕಾಗದ ಅಂಟಿಸಿ ಮೇಲಿಂದ ಹೊಡೆದು ಕಳಿಸುತ್ತಾರೆ, ಮಳೆಗಾಲದಲ್ಲಿ ಅಂಚುಗಳಿಂದ ಹಪ್ಪಳದಂತೆ ಏಳುತ್ತದೆ. ಅಪ್ಪ ಎಲ್ಲೆಲ್ಲಿ ಕೈಯಾಡಿಸುತ್ತಾನೆಂದು ಗೊತ್ತಿದ್ದ ನಾನು, ಬಾಗಿಲಿನ ಸಂದಿ, ಡಿಕ್ಕಿಯ ಒಳಗು, ಪೆಟ್ರೋಲ್ ಮುಚ್ಚಳದ ಹಿಂಭಾಗ, ಎಲ್ಲವೂ ಆಗಬೇಕೆಂದೆ. ಬಾನೆಟ್ಟಿನ ಒಳಗೆ ಮಾತ್ರ ಬೇಡ, ಅದಕ್ಕೆ ಇಂಜಿನ್ನೇ ಬಿಚ್ಚಬೇಕಾಗುತ್ತದೆ ಎಂದು ಪೇಂಟರ್ ಹೇಳಿದ. ಅಪ್ಪನಿಗೆ ಇಂಜಿನ್ನಿನಲ್ಲಿ ಎಂದೂ ಆಸಕ್ತಿ ಇರಲಿಲ್ಲವಾದ್ದರಿಂದ ಒಪ್ಪಿದೆ. ಎಲ್ಲ ಸೇರಿ ಅರವತ್ತು ಸಾವಿರ ಎಂದ. ನಾನು ಚೌಕಾಶಿ ಮಾಡಲಿಲ್ಲ. ನನ್ನ ವಿಭಾಗದವರಿಗೆ ಇದು ಗೊತ್ತಾದರೆ ನನಗೆ ಆಫೀಸಿನಲ್ಲಿ ಮುಖ ಇರುವುದಿಲ್ಲ. ಬಣ್ಣ ಬದಲಿಸಿದರೆ ಆರ್‌ಟಿಓಗೆ ತಿಳಿಸಬೇಕಲ್ಲ ಎಂದು ನೆನಪಾಯಿತು. ಕಾಗದದಲ್ಲಿ ಬಿಳಿ ಎಂದಿದೆ. ಇದೂ ಒಂದು ಬಿಳಿಯೇ ಎಂದು ನಾನೂ ಪೇಂಟರೂ ಸರ್ವಾನುಮತದಿಂದ ಒಪ್ಪಿಕೊಂಡೆವು.

ಮನೆಯಲ್ಲಿ ಎಸಿ ಕೆಟ್ಟಿದೆ, ರಿಪೇರಿಗೆ ಬಿಟ್ಟಿದ್ದೇನೆ ಎಂದೆ. ವಾರಗಳು ಕಳೆದವು. ನಾನು ಜನರ ನಡುವೆ ಒಂದು ಕಾಲಿನ ಮೇಲೆ ನಿಂತು ಥಾಣೆಗೆ ಹೋಗಿ, ಅಲ್ಲಿ ಬೇರೆ ಲೋಕಲ್ ಹಿಡಿದು ಐರೋಳಿಗೆ ಹೋಗಿ ಬರುತ್ತಿದ್ದೆ. ಅಪ್ಪನಿಗೆ ಬೆಳಿಗ್ಗೆ ಮಾಡಲು ಕೆಲಸವಿಲ್ಲದಂತಾಯಿತು.

"ಎಸಿ ಗ್ಯಾಸ್ ತುಂಬಾಕ ಇಷ್ಟ ದಿನಾ ಬೇಕೇನು?" ಎಂದು ಕೇಳಿದ.

"ಒಂದು ಪಾರ್ಟ್ ಬರಬೇಕಂತ ಅಪ್ಪಾ. ಕಾಮೋಠೆಯಿಂದ."

ಕಾಮೋಠೆಯ ಹೆಸರು ಬಾಯಿಗೆ ಹೇಗೆ ಬಂತೋ ತಿಳಿಯದು. ಅಲ್ಲಿ ನಮಗೆ ಯಾರೂ ಇಲ್ಲ. ಅಲ್ಲಿಯ ತನಕ ಹೋಗಿ ವಿಚಾರಿಸುವುದು ಅವನಿಂದ ಆಗದು ಎಂಬ ಲೆಕ್ಕ ಮನಸ್ಸಿನ ಯಾವುದೋ ಮೂಲೆಯಲ್ಲಿ ಇದ್ದಿರಬೇಕು. ಸುಳ್ಳು ಹೇಳುವವನಿಗೆ ಭೂಗೋಳ ತಾನಾಗಿ ಬರುತ್ತದೆ.

ಕಾರು ಬಂದಾಗ ಮಾತ್ರ ಬೆರಗಾಗುವ ಹಾಗಿತ್ತು. ಅಡಿಯಿಂದ ಮುಡಿಯ ತನಕ ಒಂದೇ ಸಮ, ನೀಲಿ ಬೆರೆತ ಬಿಳಿ. ಬಾಗಿಲು ಎಲ್ಲಿ ಮುಗಿಯಿತು, ಮಡ್‌ಗಾರ್ಡು ಎಲ್ಲಿ ಶುರುವಾಯಿತು ಎಂಬುದು ಬೆಳಗಿನ ಬೆಳಕಿನಲ್ಲೂ ತಿಳಿಯುತ್ತಿರಲಿಲ್ಲ. ಅಪ್ಪ ಇಳಿದು ಬಂದು ನೋಡಿ, "ತೊಳದು ಕೊಟ್ಟಾರಲ್ಲ, ಛಲೋ ಆತು" ಎಂದ. ಮಾಸ್ತರರು ಅಂದು ಸುಳ್ಳು ಹೇಳಬೇಕಾಗಲಿಲ್ಲ. ನಿಜವಾಗಿಯೂ ವ್ಯತ್ಯಾಸ ತಿಳಿಯುತ್ತಿಲ್ಲ ಎಂದು ನನ್ನ ಕಡೆ ನೋಡಿ ಹೇಳಿದರು. ವಾಚ್‌ಮನ್ ಏನೂ ಕೇಳಲಿಲ್ಲ. ನನ್ನ ಮನಸ್ಸು ಹಗುರವಾಯಿತು. ಇದಕ್ಕಿಂತ ಒಳ್ಳೆಯ ಮಗ ಯಾರಿಗೆ ಸಿಕ್ಕಾನು ಎಂದು ಕೂಡ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ನಾಲ್ಕಾರು ತಿಂಗಳು ಎಲ್ಲ ಸುಖವಾಗಿತ್ತು. ಒಂದು ಮಧ್ಯಾಹ್ನ ಹೆಂಡತಿ ಅಕ್ಕಿ ಆರಿಸಿ ಕೊಡಿ ಎಂದು ಅಪ್ಪನಿಗೆ ಮೊರ ಕೊಟ್ಟಳು. ಆರಿಸಿ ಕೊಟ್ಟ ಅಕ್ಕಿಯಲ್ಲಿ ಕಲ್ಲು ಹಾಗೇ ಇದ್ದವು. ನಾನು ಆಫೀಸಿನಲ್ಲಿದ್ದೆ, ನಡೆದದ್ದನ್ನು ಅವಳು ಆಮೇಲೆ ಹೇಳಿದಳು. ಅವಳು ಮೊರವನ್ನು ಅವನ ಮುಂದಿಟ್ಟು, "ಮಾವಾರ, ನಿಮಗ ಕಣ್ಣ ಕಾಣಸವಲ್ದು. ನಾಳಿ ಡಾಕ್ಟರ್ ಕಡೆ ಹೋಗೂಣ" ಎಂದಳಂತೆ. ಅಪ್ಪ ಮೊರವನ್ನು ನೋಡಿದನಂತೆ. "ಹೌದೇನವಾ? ಹಂಗಾರ ಹೋಗೂಣು" ಎಂದನಂತೆ.

ಅಷ್ಟೇ. ನಾನು ಅವಳಿಂದ ಎರಡು ಸಲ ಹೇಳಿಸಿ ಕೇಳಿದೆ. ಬೇರೇನೂ ಅನ್ನಲಿಲ್ಲವೇ, ಸಿಟ್ಟಾಗಲಿಲ್ಲವೇ, ಮುಖ ಸಣ್ಣದಾಗಲಿಲ್ಲವೇ ಎಂದು ಕೇಳಿದೆ. ಇಲ್ಲ, ಚಹಾ ಕೇಳಿದರು, ಮಾಡಿ ಕೊಟ್ಟೆ ಎಂದಳು.

ಎರಡೂ ಕಣ್ಣಿನಲ್ಲಿ ಪೊರೆ ಬಂದಿತ್ತು, ಬಂದು ಬಹಳ ವರ್ಷಗಳಾಗಿದ್ದವು. ಇಂಥವರಿಗೆ ನೀಲಿಯೇ ಮೊದಲು ಮಂಕಾಗುವುದು, ನಿಧಾನವಾಗಿ ಆಗುವುದರಿಂದ ಅವರಿಗೇ ತಿಳಿಯುವುದಿಲ್ಲ ಎಂದು ಥಾಣೆಯ ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದರು. ಮೊದಲು ಬಲಗಣ್ಣಿ‌ನ ಆಪರೇಷನ್ನು ಆಯಿತು. ಮರುದಿನ ಪಟ್ಟಿ ಬಿಚ್ಚಿದ ಮೇಲೆ ಅಪ್ಪ ಮನೆಯ ಗೋಡೆ ನೋಡಿದ, ತನ್ನ ಅಂಗಿಯ ತೋಳು ನೋಡಿದ. ಅಂಗೈಯಿಂದ ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದನ್ನು ಮುಚ್ಚಿ ನೋಡಿದ. "ಈ ಕಣ್ಣಾಗ ಬೆಳ್ಳಗ ಕಾಣತೈತಿ. ಈ ಕಣ್ಣಾಗ ಎಲ್ಲಾ ಚಹಾದಾಗ ಅದ್ದಿ ತಗದಂಗ ಐತಿ" ಎಂದ. ಮಗುವಿಗೆ ಆಟಿಕೆ ಸಿಕ್ಕ ಹಾಗೆ ಇಡೀ ದಿನ ಮನೆಯ ಒಂದೊಂದು ವಸ್ತುವನ್ನೂ ಹೀಗೆ ನೋಡಿದ. ನಾನು ಅವನ ಜೊತೆ ನಗುತ್ತ ತಿರುಗಿದೆ. ಕಾರು ನೆನಪಾದದ್ದು ಮರುದಿನ ಬೆಳಿಗ್ಗೆ, ಅವನ ಹಾಸಿಗೆ ಖಾಲಿಯಿರುವುದನ್ನು ಕಂಡಾಗ.

ಬಾಲ್ಕನಿಯಿಂದ ಬಗ್ಗಿದೆ. ಅಪ್ಪ ಕರಿ ಕನ್ನಡಕವನ್ನು ಹಣೆಗೇರಿಸಿಕೊಂಡು ಕಾರಿನ ಮುಂದೆ ನಿಂತಿದ್ದ. ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದಿದ್ದ. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಹೋದೆ. ನಾನು ಬಂದದ್ದು ಅವನಿಗೆ ಗೊತ್ತಾಯಿತು, ತಿರುಗಲಿಲ್ಲ.

"ಬಾನೆಟ್ ತಗಿ."

"ಅಪ್ಪಾ, ಧೂಳಾಗ ನಿಲ್ಲಬಾರ್ದು ಅಂದಾರ ಡಾಕ್ಟರು."

"ತಗಿಯೋ ತಮ್ಮಾ."

ತೆಗೆದೆ. ಒಳಗೆ ಹಳೆಯ ಬಿಳಿ ಹಾಗೆಯೇ ಇತ್ತು. ಅವನು ಒಳಗಿನದನ್ನು ನೋಡಿದ, ಹೊರಗಿನದನ್ನು ನೋಡಿದ, ಬಾಗಿಲ ತನಕ ನಡೆದು ಹೋಗಿ ನೋಡಿ ಮತ್ತೆ ಬಂದ. ಅವನ ಪದ್ಧತಿಯಂತೆ ನಡುವೆ ಮುಖ ತಿರುಗಿಸಿ ಕಾಂಪೌಂಡ್ ಗೋಡೆ ನೋಡಲಿಲ್ಲ. ಅದರ ಅಗತ್ಯವಿರಲಿಲ್ಲ. ಮೊದಲು ಬಾಗಿಲು ಹೇಗೆ ಕಂಡಿರಬೇಕು, ಆಮೇಲೆ ನಾನು ಏನು ಮಾಡಿಸಿರಬೇಕು, ಎಲ್ಲವನ್ನೂ ಅವನು ಅಲ್ಲಿ ನಿಂತೇ ಓದಿಕೊಂಡ.

"ಎಷ್ಟ ಕೊಟ್ಟಿ?"

ಹೇಳಿದೆ.

"ಛಲೋ ಹೊಂದಸ್ಯಾನ" ಎಂದ. ಆಮೇಲೆ ಬಾನೆಟ್ಟಿನ ಅಂಚು ಸವರುತ್ತ ಹೇಳಿದ. "ದಿನಾ ಮುಂಜಾನೆ ನಾ ಇಳದು ಬಂದು ಮಂದಿಗೆ ತೋರಸ್ತಿದ್ದೆ. ನಿಮಗೆಲ್ಲಾರಿಗೂ ಕಾಣತಿತ್ತು."

ನಾನು ಏನೋ ಹೇಳಲು ಹೋದೆ. ನಿನಗೆ ನೋವಾಗಬಾರದೆಂದು ಎಂಬಂಥ ಮಾತು. ಅವನು ಕೈಯೆತ್ತಿ ತಡೆದ.

"ಫ್ಯಾಕ್ಟರಿಯಾಗ ನಾ ತಪ್ಪಿದ್ರ ಬಂದು ಮಾರೀ ಮ್ಯಾಲ ಹೇಳತಿದ್ರು. ಬೈತಿದ್ರು. ನಾ ಮತ್ತ ನೋಡತಿದ್ದೆ, ಸರಿ ಮಾಡತಿದ್ದೆ. ಕೆಲಸದಾಗ ಇದ್ದವಗ ಹಂಗ ಹೇಳತಾರ ತಮ್ಮಾ. ನನಗ ಯಾರೂ ಹೇಳಲಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಬಾನೆಟ್ ಮುಚ್ಚು ಎಂದು ಸನ್ನೆ ಮಾಡಿ, ಕರಿ ಕನ್ನಡಕ ಇಳಿಸಿಕೊಂಡು ಅವನು ಮೇಲೆ ಹೋದ. ನಾನು ಕಾರಿನ ಬಳಿ ನಿಂತುಕೊಂಡೆ. ನಾಚಿಕೆಯಾಗಿತ್ತು.

ಎಡಗಣ್ಣಿನದೂ ಆಯಿತು. ಈಗ ಅಪ್ಪನಿಗೆ ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ. ಆ ಕಾರಿನಲ್ಲೇ ನಾವು ಕಲ್ಯಾಣಕ್ಕೂ ಅಂಬರನಾಥಕ್ಕೂ ಹೋಗಿಬರುತ್ತೇವೆ. ಅವನು ಮುಂದಿನ ಸೀಟಿನಲ್ಲಿ ನನ್ನ ಪಕ್ಕವೇ ಕೂರುತ್ತಾನೆ, ಊರಿನ ಮಾತು, ಮೊಮ್ಮಗಳ ಮಾತು ಆಡುತ್ತಾನೆ. ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ ಎಂಬುದು ನನಗೆ ಗೊತ್ತು. ಆದರೆ ಔಷಧಿ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಏನು ಬರೆದಿದೆ, ತಾನು ಮಾತಾಡುವಾಗ ನಾಲಿಗೆ ತೊದಲುತ್ತಿದೆಯೇ, ಮುಖ ಬಾತಿದೆಯೇ ಎಂದು ತಿಳಿಯಬೇಕಾದಾಗ ಅವನು ಹಿಂದಿನ ಸೀಟಿಗೆ ತಿರುಗಿ, "ಯವ್ವಾ, ನೀ ಹೇಳು" ಎಂದು ನನ್ನ ಹೆಂಡತಿಯನ್ನು ಕೇಳುತ್ತಾನೆ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. ನಾನು ಗಾಡಿ ನಡೆಸುತ್ತೇನೆ.